ಮಲಗಿಸಿಟ್ಟ ಗುಬ್ಬಿ

ಶಾಲೆ ಮಕ್ಕಳ ಅಂಗಿಗೆ ಬ್ಯಾಡ್ಜು ಹೊಲಿದು ಹೊಲಿದು ಅವನಿಗೆ ‘ಬ್ಯಾಡ್ಜಣ್ಣ’ ಎಂಬ ಹೆಸರೇ ನಿಂತುಹೋಗಿತ್ತು. ‘ರೀ’ ಎಂದು ಕರೆಯುತ್ತಿದ್ದವಳು ಹೆಂಡತಿ ಒಬ್ಬಳೇ. ಅವಳು ಹೋದ ಮೇಲೆ ಆ ‘ರೀ’ ಕೂಡ ಹೋಯಿತು.

ಅಂಗಡಿಯಲ್ಲಿ ಎರಡು ಕೋಣೆ. ಮುಂದೆ ಎಂಬ್ರಾಯ್ಡರಿ ಮೆಷಿನ್, ಹಿಂದೆ ಕಂಪ್ಯೂಟರ್. ಚಿತ್ರ ಅವಳದ್ದು, ಹೊಲಿಗೆ ಇವನದ್ದು. ಚಿತ್ರ ಬರೆಯುವ ಅವಳ ಸಾಫ್ಟ್‌ವೇರ್ ಎಷ್ಟು ಹಳೆಯದೆಂದರೆ ಹೊಸ ಕಂಪ್ಯೂಟರ್ ಅದನ್ನು ಹತ್ತಿರಕ್ಕೇ ಸೇರಿಸಲಿಲ್ಲ. ಬೇರೆಯದನ್ನು ಕಲಿ ಎಂದರೆ, “ಕೈ ಕೂತಿರೋದನ್ನ ಬಿಟ್ಟು ಹೊಸಾದಕ್ಕೆ ಯಾಕ್ರೀ ಹೋಗ್ಲಿ? ನಿಮ್ಮನ್ನೂ ಬದಲಾಯಿಸ್ಲಾ?” ಎನ್ನುತ್ತಿದ್ದಳು. ಕೊನೆಗೆ ಪಕ್ಕದ ಬೀದಿಯ ಕಂಪ್ಯೂಟರ್ ರಿಪೇರಿಯವಳು ಹಳೆಯ ಡಿಸ್ಕನ್ನು ಬಿಚ್ಚಿ ತಂದು, ಹೊಸದರೊಳಗೆ ಹಳೆಯ ಕಂಪ್ಯೂಟರನ್ನೇ ಕೂರಿಸಿಕೊಟ್ಟಳು. ವರ್ಚುವಲ್ ಮೆಷಿನ್ ಅಂತೆ. ಹೆಂಡತಿ ಅದಕ್ಕೆ ‘ಒಳಮನೆ’ ಎಂದು ಹೆಸರಿಟ್ಟಳು.

“ಅಣ್ಣಾ, ಒಂದು ಮಾತು. ಒಳಗಿನದು ಎದ್ದಿರಲಿ, ಮಲಗಿರಲಿ, ಅದರ ಡಿಸ್ಕಿಗೆ ಹೊರಗಿನಿಂದ, ಅಂದ್ರೆ ಈ ಹೊಸ ಕಂಪ್ಯೂಟರಿಂದ, ಮಾತ್ರ ಕೈ ಹಾಕ್ಬೇಡಿ. ಪೂರ್ತಿ ಆಫ್ ಮಾಡಿದ್ರೆ ಸರಿ,” ಎಂದು ರಿಪೇರಿಯವಳು ಅವತ್ತೇ ಹೇಳಿದ್ದಳು. ಇವನು ಹೂಂ ಎಂದಿದ್ದ. ಹೂಂ ಅನ್ನುವುದಕ್ಕೇನು ಖರ್ಚೇ?

ಒಂದು ಮಧ್ಯಾಹ್ನ ಹೆಂಡತಿ ತಮ್ಮದೇ ದಿಂಬಿನ ಚೀಲಕ್ಕೊಂದು ಗುಬ್ಬಿ ಬರೆಯುತ್ತಿದ್ದಳು. ಒಂದು ರೆಕ್ಕೆ ಮುಗಿದಿತ್ತು. ಎದೆ ಹಿಡಿದುಕೊಂಡಂತಾಗಿ ಎದ್ದು, ಚಪ್ಪಲಿ ಹುಡುಕುತ್ತಲೇ, “ರೀ, ಅದನ್ನ ಮುಟ್ಬೇಡಿ, ಬಂದು ಮುಗಿಸ್ತೀನಿ,” ಎಂದಳು. ಆಸ್ಪತ್ರೆಯಿಂದ ಬರಲೇ ಇಲ್ಲ.

ಗುಬ್ಬಿಯನ್ನು ಅವಳು ಸೇವ್ ಮಾಡಿರಲಿಲ್ಲ. ಒಳಮನೆಯನ್ನು ಆಫ್ ಮಾಡಿದರೆ ಗುಬ್ಬಿ ಹೋಗುತ್ತದೆ. ಸೇವ್ ಮಾಡಲು ಹೋದರೆ ‘ಹೆಸರೇನು?’ ಎಂದು ಕೇಳುತ್ತದೆ. ಅವಳ ಗುಬ್ಬಿಗೆ ಹೆಸರಿಡಲು ಇವನ್ಯಾರು? ಅದಕ್ಕೇ ಆಫ್ ಮಾಡದೆ, ತೆರೆದದ್ದು ತೆರೆದ ಹಾಗೇ ಉಳಿಯುವಂತೆ ಮಲಗಿಸಿಡುತ್ತಿದ್ದ. ದಿನಾ ಸಂಜೆ ಎಬ್ಬಿಸುವುದು, ಇನ್ನೊಂದು ರೆಕ್ಕೆ ಶುರುವಾಗಬೇಕಾದ ಜಾಗವನ್ನು ನೋಡುತ್ತ ಕೂರುವುದು, ಅಂಗಡಿಗೆ ಯಾರು ಬಂದರು, ಯಾರು ಜಗಳ ಆಡಿದರು ಎಂದೆಲ್ಲ ಅದಕ್ಕೆ ಹೇಳುವುದು, ಮತ್ತೆ ಮಲಗಿಸುವುದು. ಹುಚ್ಚು ಅನ್ನಿ, ಬೇಡ ಅನ್ನುವುದಿಲ್ಲ. ಮನೆಗೆ ಹೋದರೆ ಮಾತಾಡಲು ಇರುವುದು ಬರೀ ಗೋಡೆ!

ಹೀಗಿರುವಾಗ ಶಾಲೆಯವರು ಬಂದು, ಹಳೆಯ ಬ್ಯಾಡ್ಜಿನಲ್ಲೇ ಇಸವಿ ಬದಲಾಯಿಸಿ ನಾಳೆ ಬೆಳಗ್ಗೆಯೇ ಕೊಡಬೇಕೆಂದು ಕೂತರು. ಆ ಚಿತ್ರ ಇರುವುದು ಒಳಮನೆಯ ಡಿಸ್ಕಿನಲ್ಲಿ. ಅವಳ ಸಾಫ್ಟ್‌ವೇರೋ, ಒಂದು ಸಲಕ್ಕೆ ಒಂದೇ ಚಿತ್ರ ತೆರೆಯುವಂಥದ್ದು. ಬ್ಯಾಡ್ಜು ತೆರೆಯಬೇಕಾದರೆ ಗುಬ್ಬಿಯನ್ನು ಮುಚ್ಚಬೇಕು. ಮುಚ್ಚಲು ಇವನಿಗೆ ಮನಸ್ಸಾದರೂ ಹೇಗೆ ಬಂದೀತು? ಗುಬ್ಬಿ ಮಲಗಿರಲಿ ಎಂದುಕೊಂಡು, ಡಿಸ್ಕನ್ನು ಹೊರಗಿನಿಂದಲೇ ತೆರೆದು, ಬ್ಯಾಡ್ಜಿನ ಚಿತ್ರ ಎತ್ತಿಕೊಂಡ; ಇಸವಿಯ ಅಂಕಿಗಳನ್ನು ಎಂಬ್ರಾಯ್ಡರಿ ಮೆಷಿನ್ನಿನಲ್ಲೇ ಬದಲಾಯಿಸಬಹುದಿತ್ತು. ತುಂಬಿದ ಡಿಸ್ಕು ಎಂದು ಬೇಡದ ಫೈಲುಗಳನ್ನು ಅಳಿಸಿ, ಎಲ್ಲ ಓರಣ ಮಾಡಿಟ್ಟ. ತನ್ನ ಜಾಣತನಕ್ಕೆ ತಾನೇ ತಲೆದೂಗಿದ.

ಸಂಜೆ ಒಳಮನೆಯನ್ನು ಎಬ್ಬಿಸಿದ. ಗುಬ್ಬಿ ಬಂತು. ಅದರ ಮೇಲೆ ಒಂದಾದ ಮೇಲೊಂದು ಎಚ್ಚರಿಕೆಯ ಚೌಕಗಳೂ ಬಂದವು. ಅಯ್ಯೋ ಎಂದು ಚಪ್ಪಲಿಯನ್ನೂ ಮೆಟ್ಟದೆ ರಿಪೇರಿಯವಳಲ್ಲಿಗೆ ಓಡಿದ.

ಅವಳು ಬಂದು ನೋಡಿ ತಲೆ ಚಚ್ಚಿಕೊಂಡಳು. “ಡಿಸ್ಕು ಕೆಟ್ಟೋಯ್ತು ಅಣ್ಣಾ. ನೀವು ಮಲಗಿದ್ದಾಗ ಯಾರೋ ಮಂಚ, ಮೇಜು ಎಲ್ಲಾ ಅತ್ತಿತ್ತ ಸರಿಸಿಬಿಟ್ರೆ? ಎದ್ದವರು ಹಳೇ ನೆನಪಲ್ಲೇ ನಡೆದು ಎಲ್ಲಾ ಕೆಡವಲ್ವಾ? ಇದೂ ಹಾಗೇ ಮಾಡ್ತು. ಇದ್ದದ್ದರ ಮೇಲೇ ಬರೆದುಬಿಟ್ಟಿದೆ.”

“ಗುಬ್ಬಿ ಕಾಣ್ತಾ ಇದೆಯಲ್ಲಮ್ಮ!”

“ಅದು ಬರೀ ಇದರ ನೆನಪಲ್ಲಿರೋದು, ಡಿಸ್ಕಲ್ಲಿಲ್ಲ. ಬೇರೆ ಚಿತ್ರಗಳ ಕಾಪಿ ನನ್ನ ಹತ್ರ ಇದೆ. ಇದೊಂದು ಇಲ್ಲ. ಸೇವೂ ಆಗ್ತಿಲ್ಲ. ಯಾವಾಗ ನಿಂತುಹೋಗುತ್ತೋ ಗೊತ್ತಿಲ್ಲ. ಕೇಬಲ್ಲಲ್ಲಿ ನೇರ ಮೆಷಿನ್ನಿಗೆ ಕಳಿಸಿ ಹೊಲಿಸ್ಬಹುದು. ಈಗ್ಲೇ ಆಗ್ಬೇಕು.”

“ಅರ್ಧ ಇದೆಯಲ್ಲಮ್ಮ.”

“ಇರೋದೇ ಅಷ್ಟು, ಅಣ್ಣಾ.”

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅವನು ಎದ್ದು, ಹೆಂಡತಿಯೇ ಕತ್ತರಿಸಿಟ್ಟಿದ್ದ ದಿಂಬಿನ ಬಟ್ಟೆಯನ್ನು ಹುಡುಕಿ ಚೌಕಟ್ಟಿಗೆ ಬಿಗಿದ. ಕಂದು ದಾರ ಪೋಣಿಸಿದ. ರಿಪೇರಿಯವಳು ಹಿಂದಿನ ಕೋಣೆಯಿಂದ ಚಿತ್ರ ಕಳಿಸಿದಳು.

ಮೆಷಿನ್ ಕೊಕ್ಕು ಹೊಲಿಯಿತು, ಕಣ್ಣು ಹೊಲಿಯಿತು, ಒಂದು ರೆಕ್ಕೆ ಹೊಲಿದು ನಿಂತಿತು. ಚಿತ್ರ ಮುಗಿದಾಗ ದಾರವನ್ನು ಮೆಷಿನ್ನೇ ಕತ್ತರಿಸುತ್ತದೆ; ಆದರೆ ಕತ್ತರಿಸು ಎಂಬ ಆಜ್ಞೆಯನ್ನು ಅವಳು ಹಾಕುತ್ತಿದ್ದದ್ದು ಕಟ್ಟಕಡೆಗೆ. ಇದಕ್ಕೆ ಹಾಕಿರಲಿಲ್ಲ. ದಾರ ಗುಬ್ಬಿಯಿಂದ ಸೂಜಿಯವರೆಗೆ ಎಳೆದುಕೊಂಡೇ ಇತ್ತು. ಮೆಷಿನ್ನಿನ ದೀಪ ಮಿಣುಕುತ್ತ, ಮುಂದಿನ ಹೊಲಿಗೆಗೆ ಕಾಯುತ್ತಿತ್ತು.

ಅವನೂ ಕಾದ. ಶಾಲೆಯ ಬ್ಯಾಡ್ಜುಗಳು ಹಾಗೇ ಬಾಕಿ ಇದ್ದವು, ಇರುವುದು ಒಂದೇ ಮೆಷಿನ್. ಕೊನೆಗೆ ಅವಳ ಕತ್ತರಿ ಎತ್ತಿಕೊಂಡು ಹಿಂದಿನ ಕೋಣೆಯ ಕಡೆ ತಿರುಗಿದ.

“ಲೇ, ಕತ್ತರಿಸ್ಲೇನೇ?”

ಹಿಂದಿನ ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು.

ಅವನು ಕತ್ತರಿಸಿದ. ಗುಬ್ಬಿಯನ್ನು ಬಿಚ್ಚಿ ಮಡಿಲಲ್ಲಿಟ್ಟುಕೊಂಡು, ಬ್ಯಾಡ್ಜಿನ ಬಟ್ಟೆ ಬಿಗಿದ.

“ಈಗ ಆಫ್ ಮಾಡಮ್ಮ,” ಎಂದ ರಿಪೇರಿಯವಳಿಗೆ. “ಅವಳಿನ್ನು ಬರಲ್ಲ.”