ಯುಕುಲೇಲೆಯ ಮೇಲಿನ ಪಟ್ಟಿಗಳು

ಮದುವೆಯಾಗಿ ಕುಂದಗೋಳಕ್ಕೆ ಬಂದಾಗ ನನ್ನ ಟ್ರಂಕಿನಲ್ಲಿ ಸೀರೆಗಳ ನಡುವೆ ಒಂದು ಯುಕುಲೇಲೆ ಇತ್ತು. ನಾಲ್ಕು ತಂತಿಯ, ಗಿಟಾರಿನ ಮರಿಯಂಥ ವಾದ್ಯ. ಹುಬ್ಬಳ್ಳಿಯಲ್ಲಿ ಶಿಕ್ಷಕಿಯರ ತರಬೇತಿ ಪಡೆಯುವಾಗ ನಮ್ಮ ಹಾಸ್ಟೆಲಿನ ವಾರ್ಡನ್ ಬಾಯಿ ಅದನ್ನು ನುಡಿಸಲು ಕಲಿಸಿದ್ದರು. ಅವರು ಗೋವೆಯ ಕಡೆಯವರು. ನನ್ನ ಮದುವೆ ಗೊತ್ತಾದಾಗ ಆ ವಾದ್ಯವನ್ನೇ ಉಡುಗೊರೆ ಕೊಟ್ಟರು. ಅದನ್ನು ಎತ್ತಿಕೊಂಡು ಎಂಥ ಊರಿಗೆ ಹೋಗುತ್ತಿದ್ದೇನೆಂದು ಅವರಿಗೂ ತಿಳಿದಿರಲಿಲ್ಲ, ನನಗೂ ತಿಳಿದಿರಲಿಲ್ಲ. ಕುಂದಗೋಳದಲ್ಲಿ ಹಾಡಲು ಬಾರದವರು ಬೇಕಾದಷ್ಟು ಮಂದಿ ಇದ್ದರು. ಸಂಗೀತ ತಿಳಿಯದವರು ಮಾತ್ರ ಒಬ್ಬರೂ ಇರಲಿಲ್ಲ.

ತಿಳಿದವರಲ್ಲಿ ನಮ್ಮ ಮಾವನವರದು ಮೊದಲ ಸ್ಥಾನ. ಕಂದಾಯ ಇಲಾಖೆಯಿಂದ ನಿವೃತ್ತರಾಗಿದ್ದರು. ಎಲ್ಲಿ ಬೈಠಕ್ ನಡೆದರೂ ಮುಂದಿನ ಸಾಲಿನಲ್ಲಿ ಕೂತು ತಲೆದೂಗುತ್ತಿದ್ದರು, ಮೊದಲು ಮೆಚ್ಚುಗೆಯಿಂದ, ಆಮೇಲೆ ನಿದ್ದೆಯಿಂದ. ಯಾವುದು ಯಾವುದೆಂದು ಹಾಡುವವರಿಗೆ ಗೊತ್ತಾಗುತ್ತಿರಲಿಲ್ಲವಾದ್ದರಿಂದ ರಸಿಕರೆಂಬ ಹೆಸರು ಉಳಿದುಕೊಂಡಿತ್ತು. ರವಿವಾರ ಮುಂಜಾನೆ ಅವರ ಗೆಳೆಯರು ನಮ್ಮ ಪಡಸಾಲೆಯಲ್ಲಿ ಸೇರುತ್ತಿದ್ದರು. ಅವರಲ್ಲಿ ದೊಡ್ಡ ದನಿಯವರು ನಿವೃತ್ತ ಸ್ಟೇಶನ್ ಮಾಸ್ತರರು. ಚುರುಮುರಿಯ ಸುಸಲಾ ತಿಂದು, ಎರಡೆರಡು ಸಲ ಚಹಾ ಕುಡಿದು, ಬದುಕಿರುವ ಗಾಯಕರಲ್ಲಿ ಯಾರೂ ಸರಿಯಿಲ್ಲವೆಂದು ತೀರ್ಮಾನಿಸಿ ಎದ್ದು ಹೋಗುತ್ತಿದ್ದರು.

ಒಂದು ರವಿವಾರ ನನ್ನ ಗಂಡ ಬಾಯಿ ತಪ್ಪಿ ನನ್ನ ವಾದ್ಯದ ಸುದ್ದಿ ಹೇಳಿಬಿಟ್ಟರು. ತರಬೇತಿ ಮುಗಿಸಿದ ಸೊಸೆ ಶಾಲೆಯಲ್ಲಿ ನೌಕರಿ ಮಾಡುವುದು ಆ ಮನೆತನಕ್ಕೆ ಶೋಭಿಸುತ್ತಿರಲಿಲ್ಲ. ಪರಗಂಡಸರ ಮುಂದೆ ಕೂತು ತಂತಿ ಮೀಟುವುದು ಹೇಗೋ ಶೋಭಿಸಿತು. ನನ್ನನ್ನು ಕರೆಸಿದರು.

“ಏನವಾ ಇದು, ಆಟಿಗಿ ಸಾಮಾನೇನು?” ಎಂದರು ಸ್ಟೇಶನ್ ಮಾಸ್ತರರು.

“ಯುಕುಲೇಲೆ ರೀ ಕಾಕಾ.”

“ಯಾವ ಘರಾಣೆದ್ದು?”

ನಾನು ನುಡಿಸಿ ತೋರಿಸಿದೆ. ಹಾಸ್ಟೆಲಿನಲ್ಲಿ ಕಲಿತ ಒಂದು ಸಣ್ಣ ಧಾಟಿ. ನನಗೆ ಬರುತ್ತಿದ್ದದ್ದು ಮೂರು ಕಾರ್ಡುಗಳು ಮಾತ್ರ, ಮೂರೂ ವಾದ್ಯದ ಕುತ್ತಿಗೆಯ ತುದಿಯಲ್ಲಿ, ಬಿರಡೆಗಳ ಪಕ್ಕದ ಹಿತ್ತಾಳೆ ಪಟ್ಟಿಗಳ ಮೇಲೆ ಬೆರಳಿಟ್ಟು ನುಡಿಸುವಂಥವು. ಕೆಲವು ಸ್ವರಗಳನ್ನು ಕೂಡಿಸಿ ಒಮ್ಮೆಲೇ ಮೀಟಿದರೆ ಅದನ್ನು ಕಾರ್ಡ್ ಅನ್ನುತ್ತಾರೆಂದು ವಿವರಿಸಿದೆ.

“ಯಾ ಕಾರ್ಡವಾ, ರೇಶನ್ ಕಾರ್ಡೇನು?” ಎಂದು ಸ್ಟೇಶನ್ ಮಾಸ್ತರರು ನಕ್ಕರು. ಉಳಿದವರೂ ನಕ್ಕರು. ಮಾವನವರು ನಗಲಿಲ್ಲ, ತೀರ್ಪು ಕೊಟ್ಟರು.

“ಕೈ ಒಂದ ಕಡೆ ಠಿಕಾಣಿ ಹೂಡೇದ. ಸಂಗೀತ ಅಂದ್ರ ಏರಬೇಕವಾ, ಮ್ಯಾಲ ಮ್ಯಾಲ ಏರಬೇಕು. ಇದು ಹೊಸ್ತಿಲಾನ ದಾಟೂದಿಲ್ಲ.”

ಆ ಮನೆಯಲ್ಲಿ ನನ್ನ ಕಾರ್ಡುಗಳನ್ನು ಇಷ್ಟಪಟ್ಟವರೆಂದರೆ ಅತ್ತೆ ಒಬ್ಬರೇ. ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತ, “ಹಂಗ ಬಾರಸಕೋತ ಇರು, ಕೈ ಬ್ಯಾಸರಾ ಆಗೂದಿಲ್ಲ” ಎಂದರು. ಅದು ಸಂಗೀತದ ಮೇಲಿನ ಪ್ರೀತಿಯಲ್ಲ, ರೊಟ್ಟಿಯ ಕೆಲಸದ ಅನುಕೂಲ. ಆದರೂ ಅಂದು ನನಗೆ ಸಿಕ್ಕ ಸಮಾಧಾನ ಅಷ್ಟೇ.

ಪಂಚಮಿಗೆ ತವರಿಗೆ ಹೋಗುವಾಗ ಹುಬ್ಬಳ್ಳಿಯಲ್ಲಿ ಇಳಿದು, ವಾದ್ಯದ ಸಮೇತ ಹಾಸ್ಟೆಲಿಗೆ ಹೋಗಿ ವಾರ್ಡನ್ ಬಾಯಿಯ ಮುಂದೆ ಎಲ್ಲ ಹೇಳಿಕೊಂಡೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು.

“ಏರಬೇಕಂತಾರಾ? ಮತ್ತ ಏರು. ಕುತ್ತಿಗಿ ಏನು ಚಂದಕ್ಕ ಇಟ್ಟಾರೇನು?”

ಆಮೇಲೆ ನನ್ನ ಬೆರಳುಗಳನ್ನು ಹಿಡಿದು ಕುತ್ತಿಗೆಯ ನಡುವಿಗೆ ತಂದರು. ಅದೇ ಕಾರ್ಡು, ಅದೇ ಸ, ಗ, ಪ. ತುದಿಯಲ್ಲಿ ನುಡಿಸುವಾಗ ಎಲ್ಲಕ್ಕಿಂತ ಕೆಳಗಿನ ಸ್ವರ ಸ ಆಗಿತ್ತು. ನಡುವೆ ಬಂದರೆ ಗ ಕೆಳಗೆ, ಸ ಮೇಲೆ. ಇನ್ನೂ ಮುಂದೆ, ವಾದ್ಯದ ಹೊಟ್ಟೆಯ ಕಡೆಗೆ ಸರಿದರೆ ಪ ಕೆಳಗೆ. ಇದಕ್ಕೆ ಇನ್ವರ್ಷನ್ ಅನ್ನುತ್ತಾರೆ. ಸ್ವರಗಳು ಅವೇ, ಕೂರುವ ಜಾಗ ಅದಲು ಬದಲು. ದನಿ ತೆಳ್ಳಗಾಗಿ, ಗೆಜ್ಜೆಯ ಹಾಗೆ ಕಿಣಿಗುಟ್ಟುತ್ತದೆ. ತವರಿನಲ್ಲಿದ್ದಷ್ಟು ದಿನವೂ ಬೆರಳ ತುದಿ ಉರಿಯುವವರೆಗೆ ರೂಢಿ ಮಾಡಿದೆ.

ಮರಳಿ ಬಂದ ಮೇಲಿನ ರವಿವಾರ ನಾನಾಗಿಯೇ ಪಡಸಾಲೆಗೆ ಹೋಗಿ ಕೂತೆ. ಹಳೆಯದೇ ಧಾಟಿ, ಹಳೆಯವೇ ಮೂರು ಕಾರ್ಡು. ಕೈ ಮಾತ್ರ ಕುತ್ತಿಗೆಯ ಉದ್ದಕ್ಕೂ ಓಡಾಡಿತು. ಗೆಳೆಯರ ಕಣ್ಣುಗಳು ನನ್ನ ಕೈಯ ಹಿಂದೆ ಹೋಗಿ ಬಂದವು. ಸ್ಟೇಶನ್ ಮಾಸ್ತರರು ಚಹಾದ ಬಟ್ಟಲು ಕೆಳಗಿಟ್ಟರು.

“ಕ್ಯಾ ಬಾತ್! ಅಗದೀ ಬ್ಯಾರೇನ ಆಗೇದಲ್ರೀ!”

“ನಾ ಹೇಳಿದ್ದ ನೋಡ್ರಿ ಅದು, ಏರಬೇಕಂತ” ಎಂದರು ಮಾವನವರು. “ತಾರಸಪ್ತಕ ಮುಟ್ಟೇದ.”

“ಮಾವಾರ, ಅವ ಹಳೇ ಮೂರು ಕಾರ್ಡು ರೀ. ಬ್ಯಾರೆ ಕಡೆ ಹಿಡದೀನಿ ಅಷ್ಟ” ಎಂದು ನಿಜ ಹೇಳಿದೆ.

“ನಿನಗ ಗೊತ್ತಾಗೂದಿಲ್ಲ ಸುಮ್ನಿರವಾ” ಎಂದರು. ನುಡಿಸಿದವಳಿಗೇ ಗೊತ್ತಾಗದ್ದು ಕೇಳಿದವರಿಗೆ ಗೊತ್ತಾಗುವ ಆ ಊರಿನ ಪದ್ಧತಿಗೆ ನಾನೂ ತಲೆಬಾಗಿದೆ.

ಒಳಗೆ ಅತ್ತೆಗೆ ಸಿಟ್ಟು ಬಂದಿತ್ತು. “ಆ ಕೀಚಲ ದನಿಗೆ ರೊಟ್ಟಿ ಹೆಂಗ ಬಡೀಲಿ?”

ಮಾವನವರ ಉತ್ಸಾಹ ಮನೆಯೊಳಗೆ ನಿಲ್ಲಲಿಲ್ಲ. ಹತ್ತಿರದ ಸಂಶಿಯ ಒಂದು ಶಾಲೆಯ ವಾರ್ಷಿಕ ಗ್ಯಾದರಿಂಗಿಗೆ ಅವರನ್ನು ಅತಿಥಿಯಾಗಿ ಕರೆದಿದ್ದರು. ಸೊಸೆಯ ಕಾರ್ಯಕ್ರಮವನ್ನೂ ತಾವೇ ಸೇರಿಸಿ, ನನ್ನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದರು. ವೇದಿಕೆಯ ಮೇಲೆ ಸ್ವರಗಳ ಆರೋಹಣದ ಬಗ್ಗೆ ಎಷ್ಟು ಹೊತ್ತು ಮಾತಾಡಿದರೆಂದರೆ, ಹಿಂದಿನ ಸಾಲಿನ ಮಕ್ಕಳು ಎದ್ದು ನೀರು ಕುಡಿದು ಬಂದರು. ಆಮೇಲೆ ಕೆಳಗಿಳಿದು ಮುಂದಿನ ಕುರ್ಚಿಯಲ್ಲಿ ಕೂತು ನನಗೆ ಕೈಸನ್ನೆ ಮಾಡಿದರು.

ನಾನು ತುದಿಯಿಂದ ಶುರು ಮಾಡಿ ನಡುವಿಗೆ ಬಂದೆ.

“ವಾಹ್! ಮ್ಯಾಲ!” ಎಂದರು.

ಇನ್ನೊಂದು ಹಿಡಿತಕ್ಕೆ ಸರಿದೆ.

“ಇನ್ನೂ ಮ್ಯಾಲ! ಬಿಡಬ್ಯಾಡ!”

ಮುಂದೆ ಹೋದಂತೆ ಪಟ್ಟಿಗಳ ನಡುವಿನ ಜಾಗ ಕಿರಿದಾಗುತ್ತದೆ. ಬೆರಳುಗಳು ಒಂದರ ಮೇಲೊಂದು ಹತ್ತಿ ಕೂತವು. ಮಾವನವರು ಕುರ್ಚಿಯಿಂದ ಅರ್ಧ ಎದ್ದು, ಬಾವಿಯಿಂದ ಕೊಡ ಎಳೆಸುವವರಂತೆ ಕೈ ಎತ್ತೆತ್ತಿ, “ಮ್ಯಾಲ! ಇನ್ನೂ ಮ್ಯಾಲ!” ಎನ್ನುತ್ತಲೇ ಇದ್ದರು. ನನ್ನ ಅಂಗೈ ವಾದ್ಯದ ಹೊಟ್ಟೆಗೆ ತಾಗಿತು. ಮೀಟುವುದನ್ನು ನಿಲ್ಲಿಸಿದೆ.

“ಮಾವಾರ, ಮ್ಯಾಲ ಕಟಿಗಿ ಮುಗೀತ್ರಿ.”

ಮೈಕು ಅದನ್ನು ಕಡೆಯ ಸಾಲಿನವರೆಗೂ ಮುಟ್ಟಿಸಿತು. ಮಕ್ಕಳು ನಕ್ಕರು, ಮಾಸ್ತರುಗಳು ನಕ್ಕರು, ಹೆಡ್ ಮಾಸ್ತರರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಮರಳುವ ಬಸ್ಸು ಕುಂದಗೋಳದ ಹತ್ತಿರ ಬಂದಾಗ ಮಾವನವರು ಕೇಳಿದರು.

“ಕಟಿಗಿ ಮುಗೀತು ಅಂತ ಮಂದ್ಯಾಗ ಹೇಳ್ತಾರೇನವಾ?”

“ಮತ್ತೇನ ಹೇಳಬೇಕಿತ್ರೀ?”

“ಸಮಯದ ಅಭಾವ ಅನ್ನಬೇಕು.”

ಮುಂದಿನ ರವಿವಾರ ಬೈಗುಳ ಬೀಳುತ್ತದೆಂದು ಕಾದಿದ್ದೆ. ಅವರು ಗೆಳೆಯರಿಗೆ ಗಂಭೀರವಾಗಿ, “ವಾದ್ಯ ಸಣ್ಣದಾತ್ರಿ. ನಮ್ಮ ಸೊಸಿ ಕೈಗೆ ಸಾಲವಲ್ದು” ಎಂದರು. ಗೆಳೆಯರು ಲೊಚಗುಟ್ಟಿದರು. ತಿಂಗಳೊಳಗೆ ಮಿರಜದಿಂದ ನನ್ನಷ್ಟೇ ಎತ್ತರದ ಸಿತಾರೊಂದು ಬಂತು. ನಾನು ಅದನ್ನು ಮುಟ್ಟಲಿಲ್ಲ. ಮಾವನವರೇ ದಿನಾಲು ಅದರ ಧೂಳು ಒರೆಸಿ, ಬಂದವರಿಗೆ ತೋರಿಸಿ, ಸೊಸೆ ಅದನ್ನು ನುಡಿಸುವುದನ್ನು ತಾವು ಕೇಳಿದ್ದಾಗಿ ಹೇಳುತ್ತಿದ್ದರು.

ನನ್ನ ಹತ್ತಿರ ಯುಕುಲೇಲೆ ಕಲಿಯಲು ಓಣಿಯ ಇಬ್ಬರು ಹುಡುಗಿಯರು ಬರತೊಡಗಿದರು. ತುದಿಯ ಸುಲಭದ ಕಾರ್ಡುಗಳಿಂದಲೇ ಕಲಿಸಬೇಕೆಂದು ವಾರ್ಡನ್ ಬಾಯಿ ಹೇಳಿದ್ದರು. ನಾನು ಮೊದಲ ದಿನವೇ ಅವರ ಕೈಯನ್ನು ಕುತ್ತಿಗೆಯ ನಡುವೆ ಇಡಿಸಿದೆ. ತಾಯಂದಿರು ಬಾಗಿಲಲ್ಲಿ ನಿಂತು ನೋಡಿ, “ಎಷ್ಟ ಲಗೂ ಮ್ಯಾಲ ಹೋದ್ಲು ನೋಡ್ರಿ!” ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು.