ಬ್ಯಾರನ್ನಿನ ಬೆಂಕಿ, ಅತ್ತೆಯ ಎರಡನೇ ಓದು

ನಾನು ಸುಳ್ಳು ಹೇಳುವವನಲ್ಲ. ನಿಜಕ್ಕೆ ಒಂದಿಷ್ಟು ಗೊಬ್ಬರ ಹಾಕುತ್ತೇನೆ, ಅಷ್ಟೆ. ಆದರೆ ಹೋದ ವರ್ಷ ನಮ್ಮ ಬ್ಯಾರನ್ನಿನಲ್ಲಿ ನಡೆದದ್ದಕ್ಕೆ ಗೊಬ್ಬರವೇ ಬೇಕಿಲ್ಲ. ಅದು ತಾನಾಗಿಯೇ ಸೊಂಪಾಗಿದೆ.

ಬ್ಯಾರನ್ ಎಂದರೆ ಹೊಗೆಸೊಪ್ಪು ಹದ ಮಾಡುವ ಎತ್ತರದ ಕೋಣೆ. ಹಸಿ ಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ ಸಾಲುಸಾಲಾಗಿ ನೇತುಹಾಕಿ, ಹೊರಗಿನ ಒಲೆಗೆ ಸೌದೆ ಕೊಟ್ಟರೆ ಒಳಗಿನ ಕೊಳವೆಗಳು ಕಾಯುತ್ತವೆ. ಮೊದಲು ಸಣ್ಣ ಬಿಸಿಯಲ್ಲಿ ಸೊಪ್ಪು ಹಳದಿಯಾಗಬೇಕು. ಜೋರು ಬಿಸಿ ಏನಿದ್ದರೂ ಆಮೇಲೆ. ಹುಣಸೂರು ಸೀಮೆಯಲ್ಲಿ ಇದು ತೊಟ್ಟಿಲ ಕೂಸಿಗೂ ಗೊತ್ತು.

ಅಂದು ಬೆಳಿಗ್ಗೆ ಅಪ್ಪ, ಅಮ್ಮ ಪಿರಿಯಾಪಟ್ಟಣಕ್ಕೆ ಮದುವೆಗೆ ಹೊರಟರು.

"ತರ್ಮಾಮೀಟ್ರು ನೂರು ದಾಟದಂಗೆ ನೋಡ್ಕೊ ಕಣ್ಲಾ," ಎಂದರು ಅಪ್ಪ.

"ನಂಗೇಳ್ಕೊಡ್ಬೇಕಾ? ಓಗ್ಬಾ ಬುಡಪ್ಪ."

ಮನೆಯಲ್ಲಿ ಉಳಿದವರು ನಾನು ಮತ್ತು ರಜೆಗೆ ಬಂದಿದ್ದ ಅತ್ತೆ. ಅಪ್ಪನ ಅಕ್ಕ ಅವರು, ವಿಜ್ಞಾನಿ. ಜೀವಕೋಶದೊಳಗಿನ ಅಣುಗಳ ಮೇಲೆ ಹತ್ತು ವರ್ಷ ಸಂಶೋಧನೆ ಮಾಡಿ, ಆಮೇಲೆ ರಾಸಾಯನಿಕ ಭೌತಶಾಸ್ತ್ರಕ್ಕೆ ಹೋದವರು. ನಮ್ಮೂರಿನ ಲೆಕ್ಕದಲ್ಲಿ ನಡುವೆ ಸಬ್ಜೆಕ್ಟ್ ಬದಲಾಯಿಸುವವರು ಫೇಲಾದವರು ಮಾತ್ರ. ಅಪ್ಪನಿಗೂ ಒಳಗೊಳಗೇ ಅದೇ ಅನುಮಾನ. ನಾನಂತೂ ಮನೆತನದ ಮಾನ ಉಳಿಸಲು, ಅತ್ತೆಯನ್ನು ಭೌತಶಾಸ್ತ್ರದವರು ಬಂದು ಹೊತ್ತುಕೊಂಡು ಹೋದರೆಂದು ಕ್ಲಾಸಿಗೆಲ್ಲ ಹೇಳಿದ್ದೆ.

ಅಪ್ಪ ಬರುವಷ್ಟರಲ್ಲಿ ಸೊಪ್ಪನ್ನು ಹಳದಿ ಮಾಡಿ ತೋರಿಸಿಬಿಡೋಣವೆಂದು ಒಲೆಗೆ ಅರ್ಧ ಕಾಡನ್ನೇ ತುರುಕಿದೆ. ಸ್ವಲ್ಪ ಹೊತ್ತು ಬಿಟ್ಟು ಗಾಜಿನ ಕಿಂಡಿಯಲ್ಲಿ ನೋಡಿದರೆ ಪಾದರಸ ನೂರಿಪ್ಪತ್ತು ಡಿಗ್ರಿ ಫ್ಯಾರನ್‌ಹೀಟಿನಲ್ಲಿತ್ತು. ಎಲೆಯ ಅಂಚು ಮುದುರುತ್ತಿತ್ತು, ನಡುಭಾಗ ಇನ್ನೂ ಹಸಿರು. ಹಾಗೆ ಹಸಿರಲ್ಲೇ ಒಣಗಿದ ಸೊಪ್ಪನ್ನು ಯಾರೂ ಕೊಳ್ಳುವುದಿಲ್ಲ. ಮನೆಯವರೆಲ್ಲ ಬೆನ್ನು ಬಗ್ಗಿಸಿ ಗಿಡದಿಂದ ಮುರಿದು ತಂದ ಒಂದು ಬ್ಯಾರನ್ ಸೊಪ್ಪು! ಅಪ್ಪ ಹೊಡೆಯುವುದಿಲ್ಲ. ವಾರಗಟ್ಟಲೆ ಮಾತು ಬಿಡುತ್ತಾರೆ. ಹೊಡೆದರೇ ವಾಸಿ.

ಅತ್ತೆ ಜಗಲಿಯಲ್ಲಿ ಹುರುಳಿಕಾಳು ಆರಿಸುತ್ತಿದ್ದರು.

"ಅತ್ತೆ, ಬ್ಯಾರನ್ನು ತಾನಾಗೇ ಕಾದೋಯ್ತು!"

"ತಾನಾಗೇ? ಸೌದೆ ನಡ್ಕೊಂಡೋಗಿ ಒಲೆಗೆ ಬಿತ್ತೇನೋ?"

ಅವರು ಕಿಂಡಿಗೆ ಕಣ್ಣಿಟ್ಟರು.

"ಎಲೆಗಿನ್ನೂ ಜೀವ ಅದೆ ಕಣೋ. ಉರಿಯೋ ಸೌದೆ ಈಚೆಗೆಳಿ. ಮೇಲಿನ ಗಾಳಿಕಿಂಡಿ ಮುಚ್ಚು. ನೆಲಕ್ಕೆ ನೀರುಯ್ಯಿ."

ನಾನು ನೂರೆಂಟು ಕೊಡ ನೀರು ಹೊತ್ತೆ. ಹನ್ನೆರಡು ಎನ್ನುತ್ತಾರೆ ಅತ್ತೆ. ಅವರಿಗೆ ಎಲ್ಲವನ್ನೂ ಅಳೆಯುವ ಚಟ.

"ನೀರ್ ಯಾಕತ್ತೆ?"

"ಎಲೆ ಒಳ್ಗೆ ಹಸಿರು ಒಡ್ಯೋ ಪ್ರೋಟೀನ್‌ಗಳವೆ. ಸುತ್ತ ನೀರಿದ್ರೆ ಕೆಲ್ಸ ಮಾಡ್ತವೆ. ನೀರು ಬೇಗ ಓಡೋದ್ರೆ ಕೈ ಕಟ್ಕೊಂಡು ಕೂತ್ಕೋತವೆ. ನಾನು ಎರಡ್ನೇ ಓದಿಗೆ ಹೋಗಿದ್ದೇ ಅದ್ಕೆ."

ಹತ್ತು ವರ್ಷ ಅವರು ಒಂದೇ ಒಂದು ಪ್ರೋಟೀನಿನ ಹಿಂದೆ ಬಿದ್ದಿದ್ದರಂತೆ. ಒಂದು ದಿನ ದುಡಿಯುತ್ತಿತ್ತು, ಮರುದಿನ ಹಟಮಾರಿ ಎತ್ತಿನ ಹಾಗೆ ಮಲಗಿಬಿಡುತ್ತಿತ್ತು. ತಪ್ಪು ಪ್ರೋಟೀನಿನದಲ್ಲ, ಸುತ್ತಲಿನ ನೀರಿನದು ಇರಬಹುದು ಎಂಬ ಅನುಮಾನ ಬಂತು. ಆದರೆ ನೀರಿನ ಅಣುಗಳ ಓಡಾಟ ನೋಡಲು ಲೇಸರ್ ಬೇಕು, ಭೌತಶಾಸ್ತ್ರ ಬೇಕು. ಹಾಗಾಗಿ ನಲವತ್ತರ ಹತ್ತಿರದಲ್ಲಿ ಹುಡುಗರ ಜೊತೆ ಬೆಂಚಿನಲ್ಲಿ ಕೂತು ಮತ್ತೆ ಕಲಿತರು. ಮೊದಲ ಪರೀಕ್ಷೆಯಲ್ಲಿ ಬಂದ ಅಂಕ ನನ್ನ ಗಣಿತದ ಅಂಕಕ್ಕಿಂತ ಕಡಿಮೆ. ಆ ದಿನ ನನಗೆ ಸಿಕ್ಕ ಮೊದಲ ನೆಮ್ಮದಿ ಅದು.

"ಆ ಲ್ಯಾಬಿಗೋದ ಹೊಸದ್ರಲ್ಲಿ, ತೋರಿಸ್ಕೊಳ್ಳೋಕೆ ಅಂತ ಲೇಸರ್ ಜೋರು ಮಾಡ್ಬುಟ್ಟೆ. ಲ್ಯಾಬಿನೋರು ಎರಡ್ ವರ್ಷ ಜೋಪಾನ ಮಾಡಿದ್ ಪ್ರೋಟೀನು ಮೊಟ್ಟೆ ಥರ ಬೆಂದೋಯ್ತು."

"ಆಮೇಲೆ?"

"ಪ್ರೊಫೆಸರ್ ಮುಂದೆ ನಿಂತು, ನಾನೇ ಕೆಡಿಸ್ದೆ ಸಾರ್ ಅಂದೆ. ಸಾಯಲಿಲ್ಲ, ನೋಡು," ಎಂದು ನನ್ನನ್ನೇ ನೋಡಿದರು. ನಾನು ಕೊಡದೊಳಗೆ ನೋಡಿದೆ.

ಸಂಜೆಯ ಹೊತ್ತಿಗೆ ಕಿಂಡಿಯಲ್ಲಿ ಹಳದಿ ಹರಡುತ್ತಿರುವುದು ಕಾಣಿಸಿತು. ಆದರೆ ಕೊಳವೆಗೆ ಹತ್ತಿರವಿದ್ದ ಕೆಳಗಿನ ಸಾಲು ಮಾತ್ರ ಹಸಿರಾಗಿಯೇ ಒಣಗಿತ್ತು. ಅಷ್ಟರಲ್ಲಿ ಅಪ್ಪ, ಅಮ್ಮ ಬಂದರು. ಅಮ್ಮ ಮನೆಯೊಳಗೆ ಹೋದರೆ ಅಪ್ಪ ನೇರ ಕಿಂಡಿಗೇ ಹೋದರು.

"ಕೆಳಗ್ಲ ಸಾಲು ಯಾಕ್ಲಾ ಇಂಗಾಗದೆ?"

ಮೂರು ಸುಳ್ಳುಗಳು ಸಿದ್ಧವಿದ್ದವು. ಒಂದರಲ್ಲಿ ಕೋತಿಯೂ ಇತ್ತು. ಮತ್ತೆ ಜಗಲಿ ಸೇರಿದ್ದ ಅತ್ತೆ ಹುರುಳಿಕಾಳಿನಿಂದ ತಲೆ ಎತ್ತಲಿಲ್ಲ.

"ನಾನೇ ಕೆಡಿಸ್ದೆ ಅಪ್ಪ. ಬೇಗ ಆಗ್ಲಿ ಅಂತ ಜೋರು ಉರಿ ಆಕ್ಬುಟ್ಟೆ. ಮಿಕ್ಕಿದ್ದು ಅತ್ತೆ ಅವರ್ ನೀರಿನ್ ಓದ್ನಿಂದ, ನೆಲಕ್ಕೆ ನೀರುಯ್ಸಿ ಉಳಿಸವ್ರೆ."

ಅಪ್ಪ ನನ್ನಿಂದ ಮುಖ ತಿರುಗಿಸಿ ಮತ್ತೆ ಕಿಂಡಿಗೆ ಬಾಗಿದರು. ಮಾತು ಬಿಡುವ ವಾರ ಇಲ್ಲಿಂದಲೇ ಶುರು ಎಂದುಕೊಂಡೆ. ಅವರು ಮೇಲಿನ ಸಾಲುಗಳನ್ನು ಒಂದೊಂದಾಗಿ ನೋಡಿ, ಬಂದು ಅತ್ತೆಯ ಪಕ್ಕ ಕೂತರು.

"ಅಂಗಾರೆ ನಿನ್ ಎರಡ್ನೇ ಓದೂ ದಂಡ ಆಗ್ಲಿಲ್ಲ ಬುಡಕ್ಕ."

ಅತ್ತೆ ಕಾಳು ಚೆಲ್ಲುವ ಹಾಗೆ ನಕ್ಕರು. ನಾನು ಬೆಳಿಗ್ಗೆಯಿಂದ ಹಿಡಿದಿದ್ದ ಉಸಿರು ಬಿಟ್ಟೆ. ಒಲೆಯ ಬೂದಿ ಹಾರಿತು ಎಂದರೆ ನೀವು ನಂಬಬೇಕಿಲ್ಲ. ಅಪ್ಪ ಮದುವೆಮನೆಯ ಚೀಲ ಬಿಚ್ಚಿ ಅತ್ತೆಗೆ ಎರಡು ಲಾಡು ಕೊಟ್ಟರು, ನನಗೆ ಒಂದು.

ಒಂದಾದರೂ ಬಂತಲ್ಲ!