ಬೆಲ್ಲದ ನೀರು

ಆ ಭಾನುವಾರ ಮಧ್ಯಾಹ್ನ ಮನ್ಸೂರ್ ಊಟದ ತಟ್ಟೆ ಹಿಡಿದೇ ಅಡುಗೆಮನೆಯ ಕಿಟಕಿಗೆ ಅಂಟಿಕೊಂಡಿದ್ದರು. ಹಿತ್ತಲಲ್ಲಿ ಅವರೇ ತೂಗುಹಾಕಿದ್ದ ಸಕ್ಕರೆ ನೀರಿನ ಫೀಡರಿನ ಪಕ್ಕದ ಪೊದೆಯಲ್ಲಿ ಹೆಣ್ಣು ಹಮ್ಮಿಂಗ್‌ಬರ್ಡ್ ಕೂತಿತ್ತು. ಹೆಬ್ಬೆರಳಿನಷ್ಟು ಹಕ್ಕಿ, ಈ ದೇಶಕ್ಕೆ ಬಂದ ಮೇಲೇ ಕಂಡದ್ದು. ಗಂಡು ದೇವದಾರು ಮರದ ತುದಿ ದಾಟಿ ಮೇಲೇರಿ ಚುಕ್ಕೆಯಾಯಿತು. ಅಲ್ಲಿಂದ ಕಲ್ಲು ಬಿದ್ದ ಹಾಗೆ ಬಂದು, ಹೆಣ್ಣಿನ ಮುಂದೆ ಚಿಟ್ ಎಂದು ಸದ್ದು ಮಾಡಿ, ಮತ್ತೆ ಮೇಲೆ ಹೋಯಿತು.

"ಮೂವತ್ತೆಂಟು ವರ್ಷದಲ್ಲಿ ನನಗೋಸ್ಕರ ಒಂದು ದಿನಾನಾದ್ರೂ ಹೀಗೆ ಹಾರಿದ್ರಾ?" ಎಂದಳು ಅಖ್ತರ್ ಜಹಾನ್.

"ಹಾರ್ತಿದ್ದೆ. ನೀನು ಒಲೆ ಬಿಟ್ಟು ತಲೆ ಎತ್ತಲಿಲ್ಲ."

ಮರುದಿನ ಕ್ರಾಸ್‌ರೋಡ್ಸ್ ಮಾಲ್‌ಗೆ ಹೋದವರು ಅಲ್ಲೇ ಕುಸಿದರು.

ಗಂಡ ಸತ್ತ ಮೇಲೆ ಇದ್ದತ್. ನಾಲ್ಕು ತಿಂಗಳು ಹತ್ತು ದಿನ ಮನೆ ಬಿಟ್ಟು ಹೋಗುವಂತಿಲ್ಲ. ಹಿತ್ತಲೂ ಮನೆಯೇ ಎಂದು ಮಗ ಜೀಶನ್ ಹೇಳಿದ. ಗಂಡು ಹಕ್ಕಿ ದಿನವೂ ಹಾರುತ್ತಿತ್ತು. ಅದು ಹಾರುತ್ತಿರುವ ತನಕ ಆ ಭಾನುವಾರ ಮುಗಿದಿಲ್ಲ ಎಂದು ಅವಳಿಗೆ ಅನಿಸುತ್ತಿತ್ತು.

ಬಂದ ಮಂದಿಗೆ ಚಹಾ ಮಾಡಿ ಮಾಡಿ ಸಕ್ಕರೆ ಮುಗಿಯಿತು. ಜೀಶನ್ ಸಾಮಾನು ತರುವುದು ಶನಿವಾರ. ಡಬ್ಬಿಯಲ್ಲಿ ಮಂಡ್ಯದ ಬೆಲ್ಲ ಇತ್ತು. ಸಕ್ಕರೆಗಿಂತ ಬೆಲ್ಲ ಒಳ್ಳೆಯದು, ಅದನ್ನು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕರಗಿಸಿ, ಸೋಸಿ, ಫೀಡರಿಗೆ ತುಂಬಿದಳು. ಗಂಡು ಎರಡು ದಿನ ಕುಡಿಯಿತು. ಮೂರನೆಯ ದಿನ ಬರಲಿಲ್ಲ. ನಾಲ್ಕನೆಯ ದಿನವೂ ಇಲ್ಲ.

ಪಕ್ಕದ ಮನೆಯ ಜಾನಕಿ ಬಂದವಳು ಫೀಡರ್ ನೋಡಿ ನಿಂತಳು.

"ಇದೇನ್ರೀ ಅಖ್ತರಮ್ಮ, ಕಾಫಿ ಹಾಕಿದೀರಾ?"

"ಬೆಲ್ಲ."

ಜಾನಕಿ ನಗು ನಿಲ್ಲಿಸಿದಳು. "ಅದು ಅವಕ್ಕೆ ಆಗಲ್ಲ ಕಣ್ರೀ. ಬರೀ ಬಿಳಿ ಸಕ್ಕರೆ ಹಾಕ್ಬೇಕು. ಬೆಲ್ಲದಲ್ಲಿರೋ ಕಬ್ಬಿಣ ಅವಕ್ಕೆ ವಿಷ."

"ಸತ್ತಿರುತ್ತಾ?"

"ಬೇರೆ ಕಡೆ ಹೋಗಿರಬಹುದು," ಎಂದಳು ಜಾನಕಿ, ಅವಳ ಮುಖ ನೋಡದೆ. ಮನೆಗೆ ಹೋಗಿ ಸಕ್ಕರೆ ತಂದುಕೊಟ್ಟಳು.

ಅಖ್ತರ್ ಜಹಾನ್ ಮೊಣಕಾಲೂರಿ ಪೊದೆಯ ಬುಡವನ್ನೆಲ್ಲ ತಡಕಿದಳು. ಏನೂ ಸಿಗಲಿಲ್ಲ. ಸಿಕ್ಕಿದ್ದರೆ ಮಣ್ಣಾದರೂ ಮಾಡುತ್ತಿದ್ದಳು. ಮಗನಿಗೆ ಹೇಳಲಿಲ್ಲ. ಒಳ್ಳೆಯದೆಂದೇ ಕೊಟ್ಟೆ ಎಂದು ಹೇಳಿಕೊಳ್ಳಲು ಇದ್ದವರೂ ಮನ್ಸೂರ್ ಒಬ್ಬರೇ.

ಇದ್ದತ್ ಮುಗಿದಿದೆ. ಹೆಣ್ಣು ಆಗೊಮ್ಮೆ ಈಗೊಮ್ಮೆ ಬಂದು ಕುಡಿದು ಹೋಗುತ್ತದೆ. ಗಂಡು ಬಂದಿಲ್ಲ. ಬೆಳಗಿನ ನಮಾಜ್ ಆದ ಮೇಲೆ ಅವಳು ಫೀಡರ್ ಇಳಿಸುತ್ತಾಳೆ. ಬಿಸಿನೀರಲ್ಲಿ ಒಂದೊಂದೇ ತೂತನ್ನು ಬ್ರಷ್ಷಿನಿಂದ ಉಜ್ಜುತ್ತಾಳೆ. ಒಂದು ಲೋಟ ಸಕ್ಕರೆಗೆ ನಾಲ್ಕು ಲೋಟ ನೀರು. ಆರಲು ಬಿಟ್ಟು, ತುಂಬಿ, ತೂಗುಹಾಕುತ್ತಾಳೆ.